ವಯಸ್ಸಾಗದ ಪ್ರತಿವಾದಿ

ತದಡಿಯ ಬಂದರಿನಲ್ಲಿ ಬಲೆ ಸರಿಪಡಿಸುತ್ತ ಕೂತವರಿಗೆ ದಿಲ್ಲಿಯೇನೂ ದೂರವಲ್ಲ. ಕಡಲ ಕಾವಲು, ಹೆದ್ದಾರಿ 66, ರೈಲು ಹಳಿ ಎಲ್ಲದರ ಹಿಂದೆ ಇರುವುದು ಅದೇ. ಅಘನಾಶಿನಿಯ ಈ ಅಳಿವೆಗೆ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ತರಲು ಹೊರಟಾಗ ಜನ ವಿರೋಧಿಸಿದರು, ಯೋಜನೆ ಹೋಯಿತು. ಆದರೆ ಊರು ಜೊತೆಗೆ ನಿಲ್ಲದ, ಒಬ್ಬನದೇ ಆದ ನಷ್ಟಕ್ಕೆ ಉಳಿಯುವುದು ಸಿವಿಲ್ ಕೋರ್ಟು.

ಕೇಂದ್ರದ ಮೇಲೆ ದಾವೆ ಹೂಡಬಹುದು, ಸಂವಿಧಾನದ 300ನೇ ವಿಧಿಯೇ ಹಾಗೆನ್ನುತ್ತದೆ. ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಇಲಾಖೆಯ ಕಾರ್ಯದರ್ಶಿಗೆ ನೋಟೀಸು ಕೊಟ್ಟು ಎರಡು ತಿಂಗಳು ಕಾಯಬೇಕು. ತೀರಾ ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೇರ ಹೋಗಬಹುದು. ಈ ಕಲಮಿನ ಮೇಲೆ ನನಗೆ ಸಿಟ್ಟಿಲ್ಲ. ಎದುರಾಳಿಗೆ ತಿದ್ದಿಕೊಳ್ಳಲು ಬಿಡುವು ಕೊಡುವುದು ಮರ್ಯಾದೆಯೇ. ಆದರೆ ಬಹಳಷ್ಟು ನೋಟೀಸುಗಳಿಗೆ ಉತ್ತರವೇ ಬರುವುದಿಲ್ಲ, ಬಂದರೂ ಜಾರಿಕೊಳ್ಳುವ ಉತ್ತರ ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಕಾಲವೆಂಬುದು ಇಬ್ಬರಿಗೂ ಒಂದೇ ಅಲ್ಲ. ಹಣದ ಬಾಕಿಗೆ ನಾವು ಮೂರು ವರ್ಷದೊಳಗೆ ದಾವೆ ಹಾಕಬೇಕು. ಸರ್ಕಾರಕ್ಕೆ 30 ವರ್ಷ. ಕಾರವಾರದ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರಲ್ಲಿ. ಸೀಬರ್ಡ್ ಎಂಬ ಆ ಯೋಜನೆಗೆ ಜಮೀನು ಬಿಟ್ಟುಕೊಟ್ಟ ನಿರಾಶ್ರಿತರು ಹೆಚ್ಚಿನ ಪರಿಹಾರ ಕೇಳಿ ಕೋರ್ಟಿಗೆ ಹೋದರು. ಕೋರ್ಟು ಹೆಚ್ಚಿಸಿತು. ಆಮೇಲೆ ಮೇಲ್ಮನವಿ, ತಾರೀಖು, ಮತ್ತೆ ತಾರೀಖು. ದಶಕಗಳು ಸರಿದವು. ದಾವೆ ಹೂಡಿದವರು ಹಣ್ಣಾದರು, ಪ್ರತಿವಾದಿಗೆ ಒಂದು ಕೂದಲೂ ನರೆಯಲಿಲ್ಲ.

ಸರ್ಕಾರದ ಎದುರು ಕೋರ್ಟಿಗೆ ಹೋಗುವುದು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊಸತಲ್ಲ. ಕಂದಾಯ ಏರಿಸಿದ ಮುಂಬಯಿ ಸರ್ಕಾರದ ಮೇಲೆ ಕೆನರಾದ ಭೂಹಿಡುವಳಿದಾರರು ದಾವೆ ಹೂಡಿ, 1875ರಲ್ಲಿ ಹೈಕೋರ್ಟಿನಲ್ಲಿ ಸೋತರು. ಮರುವರ್ಷ ಕಂದಾಯದ ತಕರಾರುಗಳಿಗೆ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚುವ ಕಾಯ್ದೆಯೂ ಬಂತು. ಗೆದ್ದ ಮೇಲೂ ಅಷ್ಟು ಅಂಜಿಕೆ!

ಈ ಎಳೆದಾಟದಲ್ಲಿ ದುಷ್ಟರು ಯಾರು ಎಂದು ಹುಡುಕಿದರೆ ಸಿಗುವುದಿಲ್ಲ. ತಪ್ಪೊಪ್ಪಿ ಹಣ ಕೊಡಿಸಿದ ಅಧಿಕಾರಿಗೆ ಆಡಿಟ್ಟಿನ ಭಯ, ವಶೀಲಿಯ ಗುಮಾನಿ. ಮೇಲ್ಮನವಿಗೆ ಸಹಿ ಹಾಕಿದವನನ್ನು ಮಾತ್ರ ಯಾರೂ ಏಕೆಂದು ಕೇಳುವುದಿಲ್ಲ. ಖರ್ಚಾಗುವ ಹಣ ಅವನದಲ್ಲ, ಸವೆಯುವ ಆಯುಷ್ಯವೂ ಅವನದಲ್ಲ. ತೀರ್ಪು ಬರುವ ಹೊತ್ತಿಗೆ ಅವನು ವರ್ಗವಾಗಿರುತ್ತಾನೆ, ಇಲ್ಲವೇ ಪಿಂಚಣಿ ಪಡೆಯುತ್ತಿರುತ್ತಾನೆ. ಹುರುಳಿಲ್ಲದ ಮೇಲ್ಮನವಿ ವಜಾ ಆದಾಗ, ಅದಕ್ಕೆ ಸಹಿ ಹಾಕಿದವರ ಹೆಸರೂ ತೀರ್ಪಿನಲ್ಲಿ ಅಚ್ಚಾಗಲಿ ಎಂಬುದು ನನ್ನ ಹಠ. ದಂಡ ಬೇಡ, ಹೆಸರು ಸಾಕು.