ಯುಗಾದಿ ಮಳೆಯಲ್ಲಿ ರಸ್ತೆ ದಾಟುವವರು

ಮ್ಯಾಸಚೂಸೆಟ್ಸಿನಲ್ಲಿ ಯುಗಾದಿ ಬರುವ ಹೊತ್ತಿಗೆ ಮರಗಳಲ್ಲಿ ಚಿಗುರಿರುವುದಿಲ್ಲ. ಮಾವಿನೆಲೆ ಇಂಡಿಯನ್ ಸ್ಟೋರಿನಿಂದ ಬರಬೇಕು, ಬೇವು ಯಾರದೋ ಫ್ರೀಜರಿನಿಂದ. ಹೊರಗೆ ಬೋಳು ಓಕ್, ಬೋಳು ಮೇಪಲ್, ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಮಸಿ ಹಿಡಿದ ಹಿಮದ ಗುಡ್ಡೆ. ‘ಎಲ್ಲಿದೆಯಪ್ಪಾ ವಸಂತ?’ ಎಂದು ಕನ್ನಡ ಕೂಟದ ಹಬ್ಬದ ನಿರೂಪಕರು ಪ್ರತಿ ವರ್ಷ ವೇದಿಕೆಯ ಮೇಲೆ ತಮಾಷೆ ಮಾಡುತ್ತಾರೆ, ನಾವೂ ನಗುತ್ತೇವೆ. ಆದರೆ ಆ ಹೊತ್ತಿಗೆ ಇಲ್ಲಿಯ ವಸಂತ ಬಂದಾಗಿರುತ್ತದೆ. ನೆಲದಡಿಯಿಂದ, ಅದೂ ರಾತ್ರಿ ಹೊತ್ತು, ಮಳೆಯಲ್ಲಿ ನೆನೆಯುತ್ತ ಬರುವುದರಿಂದ ಸಭಾಂಗಣದಲ್ಲಿ ಕೂತವರಿಗೆ ಕಾಣುವುದಿಲ್ಲ, ಅಷ್ಟೆ.

ಮಣ್ಣಿನ ಹೆಪ್ಪು ಕರಗಿ, ಉಷ್ಣಾಂಶ 40 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಕತ್ತಲಾದ ಮೇಲೆ ಮಳೆ ಹಿಡಿಯುವ ಮೊದಲ ರಾತ್ರಿಗೆ ಇಲ್ಲಿಯವರು ‘ಬಿಗ್ ನೈಟ್’ ಎನ್ನುತ್ತಾರೆ. ಸಾಮಾನ್ಯವಾಗಿ ಮಾರ್ಚಿನಲ್ಲಿ, ಚಳಿ ಎಳೆದರೆ ಏಪ್ರಿಲ್ ಮೊದಲಲ್ಲಿ. ವರ್ಷವೆಲ್ಲ ಕಾಡಿನ ನೆಲದಡಿ ಇಲಿಗಳು ತೋಡಿ ಬಿಟ್ಟ ಬಿಲಗಳಲ್ಲಿ ಅಡಗಿರುವ ಚುಕ್ಕೆ ಸಾಲಮ್ಯಾಂಡರ್‌ಗಳು ಆ ರಾತ್ರಿ ಮೇಲೆದ್ದು ತಾವು ಹುಟ್ಟಿದ ಹೊಂಡದ ಕಡೆ ಹೊರಡುತ್ತವೆ. ಗೇಣುದ್ದದ ಪ್ರಾಣಿ, ಕಪ್ಪು ಮೈ, ಬೆನ್ನುದ್ದಕ್ಕೂ ಹಳದಿ ಬೊಟ್ಟು. ಇಪ್ಪತ್ತು ವರ್ಷ ಬದುಕಬಲ್ಲದು. ನಮ್ಮ ಬಡಾವಣೆಯ ಎಷ್ಟೋ ಮನೆಗಳಿಗಿಂತ ಹಳೆಯ ನಿವಾಸಿ. ಅವು ಹುಡುಕಿ ಹೋಗುವ ಹೊಂಡಕ್ಕೆ ವರ್ನಲ್ ಪೂಲ್ ಎಂದು ಹೆಸರು. ಕರಗಿದ ಹಿಮ, ಮಳೆ ಎರಡೂ ಸೇರಿ ತುಂಬುವ, ಬೇಸಿಗೆ ಮುಗಿಯುವಷ್ಟರಲ್ಲಿ ಬತ್ತಿ ಬರೀ ತರಗೆಲೆಯ ತಗ್ಗಾಗುವ ನೀರು. ಬತ್ತುತ್ತದೆ ಎಂದೇ ಅಲ್ಲಿ ಮೀನಿಲ್ಲ, ಮೀನಿಲ್ಲ ಎಂದೇ ಅಲ್ಲಿ ಇಟ್ಟ ಮೊಟ್ಟೆ ಉಳಿಯುತ್ತದೆ. ಕಾಡಿಗೂ ಹೊಂಡಕ್ಕೂ ನಡುವೆ ನಾವು ರಸ್ತೆ ಹಾಕಿಕೊಂಡಿದ್ದೇವೆ.

ಆಮ್ಹರ್ಸ್ಟ್ ಊರಿನ ಹೆನ್ರಿ ಸ್ಟ್ರೀಟಿನಲ್ಲಿ 1987ರಲ್ಲಿ ಇವಕ್ಕೆಂದೇ ರಸ್ತೆಯಡಿ ಎರಡು ಸುರಂಗ ತೋಡಿದರು. ಅಂಚಿನಲ್ಲಿ ಮೋಟು ಬೇಲಿ ಹಾಕಿ ಪ್ರಾಣಿಗಳನ್ನು ಸುರಂಗದ ಬಾಯಿಗೆ ತಿರುಗಿಸುತ್ತಾರೆ. ಅಲ್ಲಿಯ ಹಿಚ್‌ಕಾಕ್ ಸೆಂಟರ್ ಎಂಬ ಪರಿಸರ ಕೇಂದ್ರ ಊರವರನ್ನು ಜೊತೆಗೆ ಹಾಕಿಕೊಂಡು ಈ ಕೆಲಸ ನೋಡಿಕೊಳ್ಳುತ್ತ ಬಂದಿದೆ. ಸುರಂಗವಿಲ್ಲದ ನೂರಾರು ರಸ್ತೆಗಳಲ್ಲಿ ಮನುಷ್ಯರ ಕೈಯೇ ಗತಿ. ಹಾಗಾಗಿ ಚಳಿಗಾಲದ ಕೊನೆಯಲ್ಲಿ ಗ್ರಂಥಾಲಯದಲ್ಲೋ ಟೌನ್ ಹಾಲಿನಲ್ಲೋ ಒಂದು ಸಂಜೆಯ ಕಮ್ಮಟ ನಡೆಯುತ್ತದೆ. ಶುಲ್ಕವಿಲ್ಲ, ಕಾಫಿ ಕೂಡ ಸುಮಾರಾಗಿಯೇ ಇರುತ್ತದೆ.

ಪ್ರಕೃತಿ ಕಮ್ಮಟಗಳಲ್ಲಿ ಈಗ ನಾನಾ ಬಗೆ. ಮರ ತಬ್ಬಿ ಕಣ್ಣು ಮುಚ್ಚಿ ಉಸಿರಾಡಿಸುವವೂ ಇವೆ. ಅವುಗಳ ಬಗ್ಗೆ ನನಗೆ ತಕರಾರಿಲ್ಲ, ಒಲವೂ ಇಲ್ಲ. ಈ ಸಾಲಮ್ಯಾಂಡರ್ ಕಮ್ಮಟ ನನಗೆ ಹಿಡಿಸಿದ್ದು ಅಲ್ಲಿ ಯಾರೂ ನಮ್ಮ ಮನಶ್ಶಾಂತಿಯ ಮಾತೆತ್ತಲಿಲ್ಲ ಎಂಬುದಕ್ಕೆ. ಕೆಲಸ ಹೇಳಿಕೊಟ್ಟರು. ಕೈಗೆ ಲೋಷನ್, ಸ್ಯಾನಿಟೈಸರ್ ಹಚ್ಚಿರಬಾರದು, ಅವುಗಳ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮುಟ್ಟುವ ಮೊದಲು ಅಂಗೈ ಮಳೆನೀರಿನಲ್ಲಿ ಒದ್ದೆಯಾಗಬೇಕು. ಯಾವ ದಿಕ್ಕಿಗೆ ಮುಖ ಮಾಡಿತ್ತೋ ಅದೇ ಕಡೆಯ ಅಂಚಿಗೆ ಬಿಡಬೇಕು. ‘ಪಾಪ, ಹೊಂಡ ಆ ಕಡೆ ಇದೆ’ ಎಂದು ನಾವು ದಿಕ್ಕು ಬದಲಿಸಬಾರದು. ಮೊಟ್ಟೆ ಇಟ್ಟು ವಾಪಸು ಹೊರಟಿದ್ದೂ ಇರಬಹುದು. ಮಿನುಗುವ ಜಾಕೆಟ್ ಇಲ್ಲದೆ ರಸ್ತೆಗಿಳಿಯಬಾರದು. ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವಾಗ ಬೂಟು ತೊಳೆಯಬೇಕು, ರೋಗ ದಾಟಿಸಬಾರದು.

ಮಲೆನಾಡಿನಿಂದ ಬಂದಿದ್ದ ನಮ್ಮ ಮಾವನವರನ್ನೂ ಕಮ್ಮಟದ ನಂತರ ಬಂದ ಬಿಗ್ ನೈಟಿಗೆ ಕರೆದುಕೊಂಡು ಹೋಗಿದ್ದೆವು. ಜಾಕೆಟ್ ಮೇಲೆ ಜಾಕೆಟ್ ಹಾಕಿಕೊಂಡು ಕೊಡೆ ಹಿಡಿದು ನಿಂತವರು, ‘ಏನೋ ಇದು, ಒಂದು ಹಲ್ಲಿ ರಸ್ತೆ ದಾಟೋದಕ್ಕೆ ಇಷ್ಟು ಜನ ಬೇಕಾ?’ ಎಂದರು. ಹಲ್ಲಿಯಲ್ಲ ತಾತ, ಕಪ್ಪೆಯ ನೆಂಟ ಎಂದು ಮಗಳು ತಿದ್ದಿದಳು. ಕರ್ನಾಟಕದ ಕಾಡುಗಳಲ್ಲಿ ಸಾಲಮ್ಯಾಂಡರ್ ಇಲ್ಲ, ಅವರು ನೋಡಿರುವುದಕ್ಕೂ ಸಾಧ್ಯವಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೊಂಡದ ಕಡೆಯಿಂದ ಸದ್ದು ಬಂತು. ಬಾತುಕೋಳಿ ಸಾಕಿದ್ದಾರಾ ಇಲ್ಲಿ ಎಂದು ಕೇಳಿದರು. ಅದು ವುಡ್ ಫ್ರಾಗ್ ಎಂಬ ಕಪ್ಪೆಯ ಕೂಗು. ಚಳಿಗಾಲದಲ್ಲಿ ತರಗೆಲೆಯಡಿ ಮಲಗಿದಾಗ ಈ ಕಪ್ಪೆಯ ಮೈಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂಜುಗಡ್ಡೆಯಾಗುತ್ತದೆ, ಹೃದಯ ನಿಲ್ಲುತ್ತದೆ, ಪಿತ್ತಜನಕಾಂಗ ಬಿಡುಗಡೆ ಮಾಡುವ ಗ್ಲೂಕೋಸ್ ಜೀವಕೋಶಗಳನ್ನು ಕಾಯುತ್ತದೆ. ಬಿಸಿಲು ಬಂದಾಗ ಕರಗಿ ಎದ್ದು ಹೊಂಡಕ್ಕೆ ಹಾರಿ ಕೂಗಲು ಶುರು. ಇದನ್ನು ಕೇಳಿದ ಮೇಲೆ ಮಾವನವರು ಕೊಡೆ ಮಡಚಿ ಟಾರ್ಚ್ ಇಸಕೊಂಡರು. ಮಳೆಗಾಲದಲ್ಲಿ ಘಾಟಿ ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕು ಅಪ್ಪಚ್ಚಿಯಾದ ಕಪ್ಪೆಗಳ ವಿಷಯ ಅವರಾಗಿಯೇ ತೆಗೆದರು. ಊರಲ್ಲಿ ಯಾರೂ ಅದನ್ನು ಒಂದು ಸಂಗತಿ ಎಂದು ಎಣಿಸಿರಲಿಲ್ಲವಂತೆ.

ಈಗ ಅಲ್ಲಿಯೂ ಎಣಿಸುವವರಿದ್ದಾರೆ. ಕಪ್ಪೆ ತಜ್ಞ ಕೆ.ವಿ. ಗುರುರಾಜ ಮತ್ತು ಜೊತೆಗಾರರು ಸಕಲೇಶಪುರದಾಚೆಯ ಬಿಸಲೆಯಲ್ಲಿ ಮಳೆಗಾಲದ ಕಪ್ಪೆ ಶಿಬಿರಗಳನ್ನು ನಡೆಸಿದ್ದಾರೆ. ರೇನ್‌ಕೋಟು, ಟಾರ್ಚು, ಜಿಗಣೆ, ರಾತ್ರಿಯಿಡೀ ಕಿವಿಯ ಕೆಲಸ. ಉತ್ತರ ಕನ್ನಡದ ಕಾಡಿನ ಕುಂಬಾರ ಕಪ್ಪೆಯನ್ನು 2014ರಲ್ಲಿ ಹೊಸ ಪ್ರಭೇದವೆಂದು ಲೋಕಕ್ಕೆ ಪರಿಚಯಿಸಿದ್ದೂ ಅವರ ತಂಡವೇ. ಇದರ ಗಂಡು ತೊರೆಯಂಚಿನ ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುತ್ತದೆ. ನಾವು ಹುಟ್ಟಿ ಬೆಳೆದ ಸೀಮೆಯ ಪ್ರಾಣಿಯನ್ನು ನಾವು ಊರು ಬಿಟ್ಟ ಎಷ್ಟೋ ವರ್ಷದ ಮೇಲೆ ಗುರುತಿಸಿದರು ಎಂಬುದು ನನ್ನನ್ನು ಕಾಡುವ ವಿಷಯ. ‘ನಮ್ಮೂರಿನ ಪರಿಸರ ಎಷ್ಟು ಚೆನ್ನಾಗಿತ್ತು’ ಎಂದು ಸ್ಮರಣ ಸಂಚಿಕೆಗಳಲ್ಲಿ ಬರೆಯುವ ನಾವು ಅಲ್ಲಿದ್ದಾಗ ಅದನ್ನು ಎಷ್ಟು ನೋಡಿದ್ದೆವೋ ಇಲ್ಲಿಯದನ್ನೂ ಅಷ್ಟೇ ನೋಡುತ್ತಿದ್ದೇವೆ. ತೆರಿಗೆ ಕಟ್ಟುವ ಊರಿನ ಮರದ ಹೆಸರು ಗೊತ್ತಿಲ್ಲ. ಕೂಟದ ಲೆಕ್ಕದಲ್ಲಿ ಪ್ರಕೃತಿ ಎಂದರೆ ಬೇಸಿಗೆಯ ಪಿಕ್‌ನಿಕ್, ಬಿಸಿಬೇಳೆಬಾತ್, ಹಗ್ಗ ಜಗ್ಗಾಟ.

ಮಕ್ಕಳ ವಿಷಯ ಬೇರೆ. ಅವರಿಗೆ ಇದೇ ಹುಟ್ಟೂರು. ಏಪ್ರಿಲ್‌ನಲ್ಲಿ ಕಮ್ಮಟದ ಎರಡನೇ ಭಾಗ ಹಗಲು ಹೊತ್ತು ಹೊಂಡದ ದಡದಲ್ಲೇ ನಡೆಯಿತು. ಸಬ್ಬಕ್ಕಿ ಪಾಯಸದ ಮುದ್ದೆಯಂತೆ ನೀರಿನ ಕಡ್ಡಿಗಂಟಿಕೊಂಡ ಸಾಲಮ್ಯಾಂಡರ್ ಮೊಟ್ಟೆ, ದಿನ ಕಳೆದಂತೆ ಹಸಿರಾಗುತ್ತ ಬರುತ್ತದೆ. ಪಾಚಿ. ಭ್ರೂಣ ಬಿಟ್ಟ ತ್ಯಾಜ್ಯ ಪಾಚಿಗೆ ಆಹಾರ, ಪಾಚಿ ಬಿಟ್ಟ ಆಮ್ಲಜನಕ ಭ್ರೂಣಕ್ಕೆ ಉಸಿರು. ಪಾಚಿ ಭ್ರೂಣದ ಜೀವಕೋಶಗಳ ಒಳಕ್ಕೇ ಸೇರಿಕೊಂಡಿರುತ್ತದೆ ಎಂದು 2011ರಲ್ಲಿ ತಿಳಿದುಬಂತು. ಬೆನ್ನೆಲುಬಿರುವ ಪ್ರಾಣಿಯಲ್ಲಿ ಹೀಗೆ ಕಂಡದ್ದು ಅದೇ ಮೊದಲು. ಕಮ್ಮಟ ನಡೆಸುತ್ತಿದ್ದಾಕೆ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮಕ್ಕಳು ಹೊಟ್ಟೆ ನೆಲಕ್ಕೆ ಊರಿ ಮಲಗಿದ್ದರು. ಮನೆಯಲ್ಲಿ ಐದು ನಿಮಿಷ ಒಂದೆಡೆ ಕೂರದವರು.

ಆ ಹಗಲಿನ ಭಾಗಕ್ಕೆ ಇನ್ನೊಂದು ಉದ್ದೇಶವಿತ್ತು. ಕಾಡಿನ ತಗ್ಗೊಂದು ವರ್ನಲ್ ಪೂಲ್ ಹೌದೆಂದು ರಾಜ್ಯ ಸರ್ಕಾರ ಪ್ರಮಾಣೀಕರಿಸಿದರೆ ಅದಕ್ಕೆ ಕಾನೂನಿನ ರಕ್ಷಣೆ ಸಿಗುತ್ತದೆ. ಸಾಕ್ಷ್ಯ ಒದಗಿಸಲು ವಿಜ್ಞಾನಿಯೇ ಆಗಬೇಕಿಲ್ಲ. ಮೊಟ್ಟೆಗಳ ಫೋಟೊ, ಹೊಂಡದ ಫೋಟೊ, ಜಾಗ ಗುರುತಿಸಿದ ನಕ್ಷೆ. ಸಾಮಾನ್ಯ ಜನ ಕಳಿಸಿದ ಅರ್ಜಿಗಳಿಂದಲೇ ಎಷ್ಟೋ ಹೊಂಡಗಳು ಆ ಪಟ್ಟಿ ಸೇರಿವೆ. ಅರ್ಜಿ ಫಾರಂ ತುಂಬುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವ ಸಮುದಾಯ ಈ ದೇಶದಲ್ಲಿ ಇನ್ನೊಂದಿದೆಯೇ?

ಮಕ್ಕಳ ಕನ್ನಡ ತರಗತಿ ನಡೆಯುವ ಕಟ್ಟಡದ ಹಿಂದಿನ ಓಕ್ ತೋಪಿನಲ್ಲಿ ಅಂಥದ್ದೊಂದು ತಗ್ಗಿದೆ. ಹೋದ ಶನಿವಾರ ನಾವು ನಾಲ್ಕಾರು ಪಾಲಕರು ಹೋಗಿ ನೋಡಿ ಬಂದೆವು; ಮೇಲೆ ತೆಳ್ಳನೆಯ ಮಂಜುಗಡ್ಡೆಯ ಪದರ, ಕೆಳಗೆ ನೀರಿದೆ. ಜಾಗದ ಯಜಮಾನರಿಗೆ ಅನುಮತಿ ಕೇಳಿ ಕಾಗದ ಬರೆದಿದ್ದೇವೆ. ಅವರು ಹೂಂ ಎಂದರೆ ಏಪ್ರಿಲ್‌ನಲ್ಲಿ ಕ್ಯಾಮೆರಾ ಹಿಡಿದು ದಡದಲ್ಲಿ ಕೂರುವ ಕೆಲಸ ದೊಡ್ಡ ಮಕ್ಕಳದ್ದು. ಮೊಣಕಾಲುದ್ದದ ರಬ್ಬರ್ ಬೂಟು ಮನೆಯಲ್ಲಿದ್ದವರು ಅಳತೆಯ ಸಮೇತ ನಮಗೆ ತಿಳಿಸಿ.