ತಟ್ಟೆಯ ಮುಂದಿನ ಪ್ರಶ್ನೆ

ಇಟಲಿಯ ಊಟ ಮಾಡಬೇಕೆನ್ನಿಸಿದರೆ ನಮ್ಮ ಭಾಗದವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹೊಸಪೇಟೆಯಲ್ಲಿ ಬಸ್ಸು ಹತ್ತಿ ಹಂಪಿಯಲ್ಲಿ ಇಳಿದರೆ ಸಾಕು. ವಿರೂಪಾಕ್ಷ ಗುಡಿಯ ಆಚೀಚೆಯ ಓಣಿಗಳಲ್ಲಿ, ಮನೆಗಳ ಮಹಡಿಯ ಮೇಲೆ, ನೆಲದ ಮೇಲೊಂದು ಹಾಸಿಗೆ, ಮೊಣಕಾಲೆತ್ತರದ ಮೇಜು, ಅದರ ಮೇಲೆ ಪಿಜ್ಜಾ, ಪಾಸ್ತಾ. ಬೇಯಿಸುವವರು ಇಟಲಿ ಕಂಡವರಲ್ಲ. ಬಂದು ಹೋದ ಪ್ರವಾಸಿಗರ ಬಾಯಿಂದ ಕೇಳಿ ಕಲಿತವರು. ಅಂಥ ಒಂದು ಜಾಗ ನನಗೂ ಅಚ್ಚುಮೆಚ್ಚು. ಅಲ್ಲಿಯ ರುಚಿ ಅಸಲಿಯೋ ಅಲ್ಲವೋ ಬಲ್ಲವರು ಹೇಳಬೇಕು. ನನಗೆ ಅದು ಹಿಡಿಸಿದ್ದು ಅಲ್ಲಿ ಕೇಳುವ ಒಂದು ಪ್ರಶ್ನೆಗಾಗಿ.

‘ಏನು ತಿಂತೀರಿ?’ ಇಷ್ಟೇ ಪ್ರಶ್ನೆ. ಖಾರ ಬೇಕೋ ಬೇಡವೋ, ಈರುಳ್ಳಿ ಆಗುತ್ತದೋ ಇಲ್ಲವೋ. ಸಂಡೂರಿನ ಗಣಿಯಲ್ಲಿ ದುಡಿಯುವವನು, ಕಂಪ್ಲಿಯ ಭತ್ತದ ರೈತ, ಹೊಸಪೇಟೆಯ ಕಾಲೇಜು ಹುಡುಗಿ, ಯಾರು ಬಂದರೂ ಪ್ರಶ್ನೆ ಅದೇ. ಗುಡಿಯ ಪರಿಸರವಾದ್ದರಿಂದ ಅಲ್ಲಿ ಮಾಂಸವಿಲ್ಲ. ಹೀಗಾಗಿ ಲಿಂಗಾಯತರಿಗೆ ಅಂಜಿಕೆಯಿಲ್ಲ, ನಮ್ಮವರಿಗೆ ಹಲಾಲಿನ ಚಿಂತೆಯಿಲ್ಲ. ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಬಿರಿಯಾನಿಗೊಂದು ಗಲ್ಲಿ ಇದೆ, ಕೋಸಂಬರಿಗೊಂದು ಪಂಕ್ತಿ ಇದೆ. ಪಿಜ್ಜಾಕ್ಕೆ ಮಾತ್ರ ಇಲ್ಲಿ ಇನ್ನೂ ಜಾತಿ ಅಂಟಿಲ್ಲ.

ನಿಜ ಹೇಳಬೇಕೆಂದರೆ ಯಾವ ಊಟಕ್ಕೂ ಒಂದೇ ಹುಟ್ಟೂರಿಲ್ಲ. ಇಟಲಿಯದೆಂದು ನಾವು ತಿಳಿದಿರುವ ಪಾಸ್ತಾವನ್ನೇ ನೋಡಿ. ಸಿಸಿಲಿಯ ರಾಜ ಎರಡನೇ ರೋಜರನ ಆಶ್ರಯದಲ್ಲಿದ್ದ ಮುಸ್ಲಿಂ ಭೂಗೋಳಜ್ಞ ಅಲ್ ಇದ್ರೀಸಿ 1154ರ ತನ್ನ ಗ್ರಂಥದಲ್ಲಿ ಪಲೆರ್ಮೋ ಬಳಿಯ ಊರೊಂದರಿಂದ ಹಡಗುಗಳಲ್ಲಿ ಹೊರಗೆ ಹೋಗುತ್ತಿದ್ದ ‘ಇತ್ರಿಯಾ’ದ ಬಗ್ಗೆ ಬರೆದಿದ್ದಾನೆ. ಅದು ನಮ್ಮ ಈದಿನ ಶಾವಿಗೆಯ ದೂರದ ಸೋದರ. ಪಿಜ್ಜಾದ ಟೊಮೆಟೊ, ನಮ್ಮ ಸಾರಿನ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ವೆನಿಸಿನ ನಿಕೊಲೊ ಕೊಂಟಿ 15ನೇ ಶತಮಾನದ ಆರಂಭದಲ್ಲಿ ಹಂಪಿಗೆ ಬಂದಾಗ ಅವನ ಊರಲ್ಲೂ ಟೊಮೆಟೊ ಇರಲಿಲ್ಲ, ನಮ್ಮೂರಲ್ಲೂ ಮೆಣಸಿನಕಾಯಿ ಇರಲಿಲ್ಲ.

ಆದರೆ ಅದೇ ‘ಏನು ತಿಂತೀರಿ?’ ಎಂಬ ಪ್ರಶ್ನೆ ಬೇರೆ ಬಾಗಿಲಲ್ಲಿ ಬೇರೆಯೇ ಆಗುತ್ತದೆ. ಬಾಡಿಗೆ ಮನೆ ಹುಡುಕಿ ಅಲೆದ ಮುಸ್ಲಿಮರಿಗೆ, ದಲಿತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕೇಳುವವರಿಗೆ ನಮ್ಮ ಅಡಿಗೆಯ ಬಗ್ಗೆ ಕುತೂಹಲವಿರುವುದಿಲ್ಲ. ‘ನೀವು ಯಾರು?’ ಎಂದು ನೇರವಾಗಿ ಕೇಳಲಾರದೆ ಹೀಗೆ ಸುತ್ತಿ ಬಳಸಿ ಕೇಳುತ್ತಾರೆ. ಬೇರೆಯವರ ಮೇಲೆ ಬೊಟ್ಟು ಮಾಡಿದರೆ ಮುಗಿಯಲಿಲ್ಲ. ದಾವತ್ತಿಗೆ ಬಂದವನು ಸೈಯದನೋ ಪಿಂಜಾರನೋ ಎಂದು ಪಿಸುಗುಟ್ಟುವ ಬಾಯಿಗಳು ನಮ್ಮ ಮನೆಗಳಲ್ಲೂ ಇವೆ. ಮಾತು ಒಂದೇ. ಒಂದು ಕಡೆ ಅದನ್ನು ತಟ್ಟೆ ತುಂಬಿಸಲು ಕೇಳುತ್ತಾರೆ, ಇನ್ನೊಂದು ಕಡೆ ಬಾಗಿಲು ಮುಚ್ಚಲು ಕೇಳುತ್ತಾರೆ.

ಹೋಟೆಲುಗಳು ಈ ಎರಡನೆಯ ಪ್ರಶ್ನೆಯಿಂದ ಸುಲಭವಾಗಿ ಬಿಡಿಸಿಕೊಂಡವಲ್ಲ. ಜಾತಿಗೊಂದು ಕೋಣೆ, ಬೇರೆ ಲೋಟ, ಹೊರಗಿನ ಬೆಂಚು, ಎಲ್ಲವನ್ನೂ ನಮ್ಮ ಹಿರಿಯರು ಕಂಡಿದ್ದಾರೆ. ಅದಕ್ಕೇ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಉಪಾಹಾರ ಗೃಹಗಳ ಹೆಸರನ್ನೇ ಎತ್ತಿ ಹೇಳಬೇಕಾಯಿತು. ದೇಶದ ಅತಿ ದೊಡ್ಡ ಕಾನೂನು ಕಾಫಿ ಕುಡಿಯುವ ಜಾಗದ ಬಗ್ಗೆ ಮಾತಾಡಬೇಕಾದರೆ ಗಾಯ ಎಷ್ಟು ಆಳವಾಗಿದ್ದಿರಬೇಕು!

ಹಾಗಾದರೆ ಎಲ್ಲರೂ ಒಂದೇ ತಟ್ಟೆಯಲ್ಲಿ ಉಂಡರೆ ಮಾತ್ರ ಗೌರವವೇ? ಹಂಪಿಯ ಚರಿತ್ರೆ ಇದಕ್ಕೆ ಬೇರೊಂದು ಉತ್ತರ ಕೊಡುತ್ತದೆ. 1443ರಲ್ಲಿ ತೈಮೂರ್ ವಂಶದ ಶಾರುಖ್ ದೊರೆಯ ರಾಯಭಾರಿಯಾಗಿ ಅಬ್ದುರ್ ರಜಾಕ್ ಇಲ್ಲಿಗೆ ಬಂದ. ಇಮ್ಮಡಿ ದೇವರಾಯ ಅವನ ಬಿಡಾರಕ್ಕೆ ದಿನವೂ 2 ಕುರಿ, 4 ಜೊತೆ ಕೋಳಿ, 5 ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ ಸಕ್ಕರೆ, 2 ವರಹ ಕಳಿಸುತ್ತಿದ್ದನೆಂದು ಅವನೇ ಬರೆದಿದ್ದಾನೆ. ಅರಸ ಕೊಟ್ಟದ್ದು ಸಾಮಗ್ರಿ. ತನಗೆ ಒಪ್ಪುವಂತೆ ಬೇಯಿಸಿಕೊಳ್ಳುವುದು ಅತಿಥಿಗೆ ಬಿಟ್ಟದ್ದು. ಅದಕ್ಕೂ ಮುಂಚೆ 1439ರಲ್ಲಿ ಅದೇ ಅರಸನ ಸೇವೆಯಲ್ಲಿದ್ದ ಅಹಮದ್ ಖಾನ್ ಮಸೀದಿಯ ರೂಪದ ಕಟ್ಟಡ ಕಟ್ಟಿ ಶಾಸನದಲ್ಲಿ ಅದನ್ನು ಧರ್ಮಶಾಲೆ ಎಂದು ಕರೆದ, ಪುಣ್ಯ ದೊರೆಗೆ ಸಲ್ಲಲಿ ಎಂದ. ಇಲ್ಲಿ ಊಟ ಬೇರೆ ಬೇರೆಯೇ ಇದ್ದಿರಬಹುದು, ಅವಮಾನ ಇರಲಿಲ್ಲ. ಕೂಡಿ ಉಂಡರೂ ಪಾಪವಿಲ್ಲ, ಬೇರೆಯಾಗಿ ಉಂಡರೂ ಪಾಪವಿಲ್ಲ ಎಂಬ ಅರ್ಥದ ಮಾತು ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿದೆ. ನಮ್ಮ ಸೀಮೆಯ ಮುಸ್ಲಿಂ ಮದುವೆಗಳಲ್ಲಿ ಹಿಂದೂ ಸ್ನೇಹಿತರಿಗೆಂದು ಬೇರೆ ಪಾತ್ರೆ ತಂದು, ಬೇರೆ ಅಡಿಗೆಯವರನ್ನು ಕರೆಸಿ ಊಟ ಹಾಕುವುದನ್ನು ನೀವೂ ನೋಡಿದ್ದೀರಿ. ಅದು ಭೇದವೆಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೇರೆ ಪಂಕ್ತಿಯನ್ನು ಅತಿಥಿಯ ಇಷ್ಟಕ್ಕೆ ಹಾಕಿದರೆ ಮರ್ಯಾದೆ; ಅವನನ್ನು ದೂರವಿಡಲು ಹಾಕಿದರೆ ಅಸ್ಪೃಶ್ಯತೆ.

ಶೇಖ್ ಸಾದಿಯ ‘ಬೋಸ್ತಾನ್’ನಲ್ಲಿ ಒಂದು ಕತೆಯಿದೆ. ಅತಿಥಿಯಿಲ್ಲದೆ ಉಣ್ಣದ ಹಜ್ರತ್ ಇಬ್ರಾಹೀಮರು ದಾರಿಯಲ್ಲಿ ಕಂಡ ಮುದುಕನೊಬ್ಬನನ್ನು ಕರೆತಂದು ದಸ್ತರ್‌ಖಾನಿನ ಮುಂದೆ ಕೂರಿಸಿದರು. ಎಲ್ಲರೂ ದೇವರ ಹೆಸರು ಹೇಳಿದರು, ಮುದುಕ ಹೇಳಲಿಲ್ಲ. ವಿಚಾರಿಸಿದರೆ ಅಗ್ನಿಯ ಆರಾಧಕ. ಅವರು ಅವನನ್ನು ಎಬ್ಬಿಸಿ ಕಳಿಸಿದರು. ಆಗ ದೇವರ ಕಡೆಯಿಂದ ಆಕ್ಷೇಪ ಬಂತು: ನೂರು ವರ್ಷ ನಾನು ಇವನಿಗೆ ಅನ್ನ ಕೊಟ್ಟೆ, ನಿನಗೆ ಒಂದು ಗಳಿಗೆ ಸಹಿಸಲಾಗಲಿಲ್ಲವೇ? ಊಟ ಬಡಿಸುವವನು ‘ನೀನು ಯಾರು’ ಎಂದು ಕೇಳಿದ್ದಕ್ಕೆ ಇದಕ್ಕಿಂತ ಕಠಿಣ ಉತ್ತರ ನನಗೆ ತಿಳಿದಿಲ್ಲ.

ಹೋಟೆಲಿನ ಸಮಾನತೆ ದುಡ್ಡಿನ ಸಮಾನತೆ, ಬಿಲ್ಲು ಕೊಟ್ಟೊಡನೆ ಮುಗಿಯುವಂಥದ್ದು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಅಲ್ಲಿ ತಟ್ಟೆ ತೊಳೆಯುವವನಿಗೆ ಆ ತಟ್ಟೆಯ ಊಟ ದುಬಾರಿ. ಬಡಿಸುವವನಿಗೂ ಭದ್ರತೆಯಿಲ್ಲ. 2011ರಲ್ಲಿ ಹಂಪಿ ಬಜಾರಿನ ಮನೆ ಅಂಗಡಿಗಳನ್ನು ತೆರವು ಮಾಡಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ನದಿಯಾಚೆ ವಿರೂಪಾಪುರಗಡ್ಡಿಯ ರೆಸಾರ್ಟು, ಹೋಟೆಲುಗಳನ್ನು ಕೆಡವಿದರು. ಸ್ಮಾರಕಗಳು ಉಳಿಯಬೇಕು, ಕಾನೂನಿಗೆ ಎಲ್ಲರೂ ತಲೆಬಾಗಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೂ ವರ್ಷಗಟ್ಟಲೆ ಲೋಕದ ಅಪರಿಚಿತರಿಗೆ ಹೆಸರು ಕೇಳದೆ ಬಡಿಸಿದವರೇ ಕೊನೆಗೆ ‘ನೀವು ಯಾರು, ಇಲ್ಲೇಕಿದ್ದೀರಿ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದದ್ದು ನೋವಿನ ಸಂಗತಿ.

ದುಡ್ಡು ಕೊಟ್ಟು ಕೊಂಡ ಒಂದು ಗಂಟೆಯ ಸಮಾನತೆ ದೊಡ್ಡದೇನಲ್ಲ. ಆದರೆ ಅದು ಒಂದು ಅಭ್ಯಾಸ ಕಲಿಸುತ್ತದೆ. ಅಪರಿಚಿತನ ಹಸಿವು ಮೊದಲು, ಅವನ ಹೆಸರು ಆಮೇಲೆ. ಅಂಗಡಿಯವನು ವ್ಯಾಪಾರಕ್ಕಾಗಿ ಮಾಡಬಲ್ಲದ್ದನ್ನು ನಾವು ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಬಿಟ್ಟಿಯಾಗಿ ಮಾಡಬಲ್ಲೆವೇ? ಮನೆ ಬಾಡಿಗೆಗೆ ಕೊಡುವಾಗ, ಮದುವೆಗೆ ಕರೆಯುವಾಗ, ಮಗಳು ತನ್ನ ಗೆಳತಿಯನ್ನು ಊಟಕ್ಕೆ ಕರೆತಂದಾಗ? ಏನು ತಿನ್ನುತ್ತಾರೆಂದು ಅವಶ್ಯವಾಗಿ ಕೇಳೋಣ. ಉತ್ತರ ಏನೇ ಬರಲಿ, ಅದನ್ನು ಹಿಡಿದುಕೊಂಡು ಅಡಿಗೆಮನೆಗೆ ಹೋಗೋಣ.