ಅನುದಾನವೋ, ಪಾಲೋ?

ಅನುದಾನ ಎಂಬ ಮಾತಿನ ಹೊಟ್ಟೆಯಲ್ಲೇ ದಾನ ಕೂತಿದೆ. ಸಬ್ಸಿಡಿಯನ್ನು ಸರ್ಕಾರಿ ಕನ್ನಡ ಸಹಾಯಧನ ಅನ್ನುತ್ತದೆ. ಅದನ್ನು ಪಡೆಯುವ ನಮಗೆ ಫಲಾನುಭವಿ ಅಂತ ಹೆಸರು. ಯಾರೋ ನೆಟ್ಟ ಮರದ ಕೆಳಗೆ ಕೂತು ಹಣ್ಣು ತಿನ್ನೋರು ನಾವು ಅಂತ ಅರ್ಥ. ಮರಕ್ಕೆ ಗುಂಡಿ ತೋಡಿದವರು ಯಾರು, ನೀರು ಹೊತ್ತವರು ಯಾರು ಎಂದು ಕೇಳುವ ಕಾಲಂ ಯಾವ ಅರ್ಜಿ ಫಾರಮ್ಮಿನಲ್ಲೂ ಇಲ್ಲ.

ಗೆಳೆಯರೆ, ಈ ಸಣ್ಣ ಮಾತನ್ನೇ ಹಿಡಿದು ಯೋಚಿಸಬೇಕಾಗಿದೆ. ಕೇರಿಯ ಹುಡುಗನೊಬ್ಬ ಅಂಗಡಿ ಇಡಲು, ಹೆಂಗಸೊಬ್ಬಳು ಹೊಲಿಗೆ ಮಿಷನ್ನು ತರಲು ಸರ್ಕಾರ ಕೊಡುವ ಹಣ ದಯೆಯೋ, ಬಾಕಿಯೋ? ದಯೆಯಾದರೆ ಕೈಮುಗಿಯಬೇಕು. ಬಾಕಿಯಾದರೆ ಲೆಕ್ಕ ಕೇಳಬೇಕು. ಎರಡನ್ನೂ ಒಟ್ಟಿಗೆ ಮಾಡೋಕಾಗಲ್ಲ.

ನಮ್ಮ ಹಿರಿಯರಿಗೆ ಸಿಕ್ಕಿದ್ದು ಎಮ್ಮೆ ಸಾಲ. 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲಾ ಬ್ಲಾಕುಗಳಿಗೂ ಹಬ್ಬಿದ ಐಆರ್‌ಡಿಪಿ 1999ರವರೆಗೆ ನಡೆಯಿತು. ಒಂದಿಷ್ಟು ಬ್ಯಾಂಕಿನ ಸಾಲ, ಒಂದಿಷ್ಟು ಸಬ್ಸಿಡಿ. ಎಮ್ಮೆ ಬಂತು, ಮೇಯಿಸಲು ಗೇಣು ನೆಲ ಬರಲಿಲ್ಲ. ಹಾಲು ಕರೆದರು, ಎಷ್ಟೋ ಕಡೆ ಕೇರಿಯ ಹಾಲನ್ನು ಊರು ಕೊಳ್ಳಲಿಲ್ಲ. ಕೆಲವರು ಎಮ್ಮೆ ಮಾರಿ ಹೊಟ್ಟೆಗೆ ಹಾಕಿಕೊಂಡರು. ಇನ್ನು ಕೆಲವರು ಬಿಲ್ಲೆ ಹಾಕಿದ ಕಿವಿಯನ್ನು ಕುಯ್ದು, ಎಮ್ಮೆ ಸತ್ತಿತೆಂದು ವಿಮೆಯವರಿಗೆ ತೋರಿಸಿದರು. ‘ಇವರಿಗೆ ಎಷ್ಟು ಕೊಟ್ರೂ ಅಷ್ಟೇ’ ಎಂಬ ಮಾತಿಗೆ ಆ ಕಿವಿಯೇ ಸಾಕ್ಷಿಯಾಯಿತು.

ಆ ಸುಳ್ಳನ್ನು ನಾವು ಸಮರ್ಥಿಸುವುದಿಲ್ಲ. ಮೂಕ ಪ್ರಾಣಿಯ ಕಿವಿ ಕುಯ್ದದ್ದು ತಪ್ಪೇ. ಆದರೆ ತಕ್ಕಡಿಗೆ ಎರಡು ತಟ್ಟೆ ಇರಬೇಕಲ್ಲ ಸ್ವಾಮಿ? ದಲ್ಲಾಳಿ ನುಂಗಿದ್ದು, ಬತ್ತಿದ ಎಮ್ಮೆಗೆ ಕರೆಯುವ ಎಮ್ಮೆಯ ಬೆಲೆ ಬರೆದದ್ದು, ಫೈಲು ಒಂದು ಮೇಜಿಂದ ಇನ್ನೊಂದು ಮೇಜಿಗೆ ಹೋಗಲು ಕಿತ್ತುಕೊಂಡದ್ದು ಇವನ್ನೆಲ್ಲ ಇನ್ನೊಂದು ತಟ್ಟೆಗೆ ಹಾಕದೆ ಬರೀ ಕಿವಿಯನ್ನು ತೂಗುವುದು ಯಾವ ನ್ಯಾಯ? ದಾನವೆಂದು ಎಸೆದದ್ದನ್ನು ಯಾರೂ ಕಾಯುವುದಿಲ್ಲ. ಪಾಲೆಂದು ಕೊಟ್ಟದ್ದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ.

ಪಾಲು ಎಂಬುದನ್ನು ಈಗ ಕಾನೂನೇ ಒಪ್ಪಿದೆ. ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ಪರಿಶಿಷ್ಟರಿಗೆ ತೆಗೆದಿಡಬೇಕೆಂದು ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿತು. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿ ಶೇ. 17.15, ಪರಿಶಿಷ್ಟ ಪಂಗಡ ಶೇ. 6.95, ಕೂಡಿಸಿದರೆ ಶೇ. 24.1. ಆದರೆ ಅದೇ ಕಾಯ್ದೆಯ 7(ಡಿ) ಕಲಮು, ಎಲ್ಲರೂ ಓಡಾಡುವ ರಸ್ತೆ ಸೇತುವೆಗಳ ಖರ್ಚಿನಲ್ಲೂ ಒಂದು ಭಾಗವನ್ನು ನಮ್ಮ ಲೆಕ್ಕಕ್ಕೆ ಬರೆಯಲು ದಾರಿ ಬಿಟ್ಟಿತ್ತು. ಕೂಗಿ ಕೂಗಿ 2023ರಲ್ಲಿ ಅದು ರದ್ದಾಯಿತು. 2023-24ರಲ್ಲೇ ಈ ಹಣದಿಂದ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಗ್ಯಾರಂಟಿಯ ಹಣದಲ್ಲಿ ನಮ್ಮ ಅವ್ವಂದಿರೂ ಒಲೆ ಹಚ್ಚುತ್ತಾರೆ, ನಿಜ. ಆದರೆ ಎಲ್ಲರಿಗೂ ಬಡಿಸುವ ಅನ್ನವನ್ನು ನಮಗೆ ಮಾತ್ರ ನಮ್ಮ ಪಾಲಿನಿಂದಲೇ ತೆಗೆದು ಬಡಿಸಿದರೆ, ಅಂಗಡಿ ಇಡಬೇಕಾದ ಹುಡುಗನ ಪಾಲಿಗೆ ಉಳಿಯುವುದೇನು?

ಉಳಿದದ್ದಕ್ಕೂ ಬಾಗಿಲು ಕಾಯಬೇಕು. ನಿಗಮದ ಸಾಲಕ್ಕೆ ಜನರನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಸಮಿತಿ. ಅರ್ಜಿ ರಾಶಿ, ಗುರಿ ಬೆರಳೆಣಿಕೆ. ಹೀಗೆ ಪಾಲು ಕೇಳಲು ಹೋದವನು ಬಾವುಟ ಹಿಡಿಯುವವನಾಗಿ ಹಿಂದಿರುಗುತ್ತಾನೆ. ಹಕ್ಕು ಹಂಗಾಗುವುದು ಇಲ್ಲೇ.

ಹಣ ಪೂರ್ತಿ ಸಿಕ್ಕಿತು ಅಂತಲೇ ಇಟ್ಕೊಳ್ಳೋಣ. ಗಿರಾಕಿ ಎಲ್ಲಿಂದ ಬರಬೇಕು? ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿದ ಅಂಬೇಡ್ಕರ್, ಬರೋಡದ ನೌಕರಿ ಬಿಟ್ಟು ಬಂದ ಮೇಲೆ, ಮುಂಬಯಿಯಲ್ಲಿ ಷೇರು ವ್ಯವಹಾರದ ಸಲಹೆ ಕೊಡುವ ಕೆಲಸ ಶುರುಮಾಡಿದ್ದರು. ಜಾತಿ ಗೊತ್ತಾದದ್ದೇ ಗಿರಾಕಿಗಳು ನಿಂತುಹೋದರು, ವ್ಯವಹಾರ ಮುಚ್ಚಿತು. ಅವರಿಗೆ ಇಲ್ಲದೆ ಹೋದದ್ದು ಬುದ್ಧಿಯೇ?

ನಮ್ಮ ಕೇರಿಯ ಹುಡುಗನೊಬ್ಬ ಸಾಲ ಸಬ್ಸಿಡಿ ಪಡೆದು ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿ ಇಟ್ಟ. ಬಸ್ಸಿಳಿದ ಪರಸ್ಥಳದವರು ಟೀ ಕುಡಿದರು. ನಮ್ಮೂರಿನವರು ಬೀಡಿ, ಬೆಂಕಿಪೊಟ್ಟಣ, ಬಿಸ್ಕತ್ತು ಕೊಂಡರು. ಟೀ ಮಾತ್ರ ಕುಡಿಯಲಿಲ್ಲ. ಕಂಪನಿಯವರು ಕಟ್ಟಿಕೊಟ್ಟ ಪೊಟ್ಟಣಕ್ಕೆ ಮೈಲಿಗೆಯಿಲ್ಲ, ನಮ್ಮ ಕೈ ಕಾಯಿಸಿದ ಹಾಲಿಗೆ ಇದೆ. ವರ್ಷದೊಳಗೆ ಅಂಗಡಿ ಮುಚ್ಚಿತು. ಬ್ಯಾಂಕಿನ ನೋಟೀಸು ಬಂತು. ಅವರವ್ವ ಅದನ್ನು ನಮ್ಮ ಕೈಗೆ ಕೊಟ್ಟು, ‘ನೀನು ಓದ್ದೋನು, ಏನ್ ಬರ್ದವ್ರೆ ನೋಡಪ್ಪ’ ಅಂದಳು. ನೋಟೀಸಿನಲ್ಲಿ ಅವಳ ಮಗನ ಹೆಸರಿನ ಮುಂದೆ ‘ಸುಸ್ತಿದಾರ’ ಎಂದಿತ್ತು. ಅದನ್ನು ಓದಿ ಹೇಳಲು ನಮಗೆ ನಾಲಗೆ ಏಳಲಿಲ್ಲ.

ಸ್ಥಳೀಯ ಸಮುದಾಯದ ಸಹಕಾರದಿಂದ ಸಣ್ಣ ಉದ್ಯಮ ಬೆಳೆಯಬೇಕು ಅಂತ ಭಾಷಣ ಮಾಡ್ತಾರೆ. ಯಾವ ಸಮುದಾಯ? ಊರೋ, ಕೇರಿಯೋ? ಇವೆರಡೂ ಒಂದಾಗದೆ ಸಮುದಾಯ ಎಂಬ ಮಾತು ಬರೀ ಕಾಗದದ್ದು.

ಹಾಗಂತ ಅನುದಾನ ಬೇಡವೆನ್ನಲು ನಾವು ಸಿದ್ಧರಿಲ್ಲ. ಬೇಡವೆಂದರೆ ನಕ್ಕು ಜೇಬಿಗಿಳಿಸುವವರು ಕಾದು ಕೂತಿದ್ದಾರೆ. ಪಾಲನ್ನು ಪಾಲೆಂದೇ ಕೇಳೋಣ. ಯಾರಿಗೆ ಎಷ್ಟು ಬಂತು, ಎಷ್ಟು ಎತ್ತ ಹೋಯಿತು ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸೋಣ. ಇದನ್ನು ಓದುತ್ತಿರುವ ಹಳ್ಳಿಯ ಮೇಷ್ಟ್ರುಗಳೇ, ಕೇರಿಯವರ ಅಂಗಡಿಯ ಮುಂದೆ, ಊರು ನೋಡುವಂತೆ ನಿಂತು ಟೀ ಕುಡಿಯಿರಿ. ಅದೂ ಚಳವಳಿಯೇ.

ಅಸ್ಪೃಶ್ಯತೆ ರದ್ದಾಗಿದೆ ಎಂದು 1950ರಿಂದ ಸಂವಿಧಾನದ 17ನೇ ವಿಧಿ ಹೇಳುತ್ತಿದೆ. ಈ ದೇಶ ನಮಗೆ ಬರೆದುಕೊಟ್ಟ ಪತ್ರ ಅದು. ಅಸಲು ತೀರಿಲ್ಲ, ಬಡ್ಡಿಯ ಮಾತೇ ಬೇಡ. ಈಗ ಹೇಳಿ, ಸುಸ್ತಿದಾರ ಯಾರು?